ಗಾಯ್ತೊಂಡೆ ವರ್ಷಕ್ಕೆ ಐದಾರೇ ಚಿತ್ರ ಬರೆಯುತ್ತಿದ್ದರಂತೆ, ಉಳಿದ ದಿನ ಏನು ಮಾಡುತ್ತಿದ್ದರು?

ನೀಲಿಕುಂಚ:

ಎಲ್ಲರಿಗೂ ನಮಸ್ಕಾರ. ನಾನು ಹದಿನೈದು ವರ್ಷದಿಂದ ಚಿತ್ರ ಬರೆಯುತ್ತಿದ್ದೇನೆ. ಹೆಚ್ಚಾಗಿ ಮುಖಗಳು. ಮುಖ ಬರೆಯುವಾಗ ನನಗೆ ಗೊಂದಲವೇ ಇಲ್ಲ. ಎದುರಿಗೆ ಒಬ್ಬರು ಕೂತಿರುತ್ತಾರೆ, ಮೂಗು ಎಲ್ಲಿದೆಯೋ ಅಲ್ಲೇ ಬರಬೇಕು, ಹೋಲಿಕೆ ಬಂತು ಅಂದರೆ ಕೆಲಸ ಮುಗಿಯಿತು.

ಹೋದ ವರ್ಷ ದೆಹಲಿಯ ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿಯಲ್ಲಿ ಚಿತ್ರಕಾರ ವಿ. ಎಸ್. ಗಾಯ್ತೊಂಡೆ ಅವರ ಚಿತ್ರದ ಮುಂದೆ ನಿಂತೆ. ಮೊದಲು ಒಂದೇ ಬಣ್ಣದ ಹಳೆ ಗೋಡೆ ಥರ ಕಂಡಿತು, ಮುಂದೆ ಹೋಗಿಬಿಡುತ್ತಿದ್ದೆ. ಯಾಕೋ ಹಿಂದಕ್ಕೆ ಬಂದೆ. ಐದು ನಿಮಿಷ ಕಳೆದ ಮೇಲೆ ಆ ಬಣ್ಣದ ಒಳಗೆ ಇನ್ನೊಂದು ಬಣ್ಣ, ಅದರ ಒಳಗೆ ಏನೋ ಅಳಿಸಿದ ಗುರುತು, ಎಲ್ಲಾ ಒಂದೊಂದೇ ಮೇಲೆ ತೇಲಿ ಬಂದ ಹಾಗಾಯಿತು. ಅಲ್ಲಿಂದ ಬಂದವನು ಮುಖ ಬರೆಯುವುದನ್ನು ಬಿಟ್ಟು, ಯಾವುದನ್ನೂ ಹೋಲಬೇಕಿಲ್ಲದ ಅಮೂರ್ತ ಚಿತ್ರಕ್ಕೆ ಕೈ ಹಾಕಿದೆ. ಈಗ ಕೋಣೆಯ ತುಂಬಾ ಕ್ಯಾನ್ವಾಸ್ ಇದೆ, ಆದರೆ ಒಂದನ್ನೂ ‘ಇದು ನನ್ನ ಚಿತ್ರ’ ಅಂತ ಹೇಳಲು ಧೈರ್ಯ ಬರುತ್ತಿಲ್ಲ. ಚೆನ್ನಾಗಿ ಬಂದದ್ದೂ ಅಕಸ್ಮಾತ್ ಬಂದ ಹಾಗೆ ಕಾಣುತ್ತದೆ. ಹಾಳಾದದ್ದೂ ಅಷ್ಟೇ.

ಅವರು ವರ್ಷಕ್ಕೆ ಐದಾರು ಚಿತ್ರಕ್ಕಿಂತ ಜಾಸ್ತಿ ಮುಗಿಸುತ್ತಿರಲಿಲ್ಲ ಅಂತ ಓದಿದೆ. ನಾನು ತಿಂಗಳಿಗೇ ಅಷ್ಟು ಮುಗಿಸುತ್ತೇನೆ. ಉಳಿದ ದಿನಗಳಲ್ಲಿ ಅವರು ಏನು ಮಾಡುತ್ತಿದ್ದರು? ನನಗೆ ಹೇಳಿಕೊಟ್ಟವರೊಬ್ಬರು ‘ಫಲಿತಾಂಶ ಬಿಡು, ಪ್ರಕ್ರಿಯೆ ಮುಖ್ಯ’ ಅನ್ನುತ್ತಿದ್ದರು. ಹಾಗಾದರೆ ಕೈ ಆಡಿಸಿದ್ದೆಲ್ಲಾ ಚಿತ್ರವೇ ಆಗಬೇಕಲ್ವಾ? ಆಗುತ್ತಿಲ್ಲವಲ್ಲ. ಮತ್ತೆ ಎದುರಿಗೆ ಹೋಲಿಸಿ ನೋಡಲು ಏನೂ ಇಲ್ಲದಾಗ ಮುಗಿಯಿತು ಅಂತ ಹೇಗೆ ಗೊತ್ತಾಗುತ್ತದೆ? ಈ ದಾರಿಯಲ್ಲಿ ನಡೆದವರು ದಯವಿಟ್ಟು ಬಿಡಿಸಿ ಹೇಳಿ.

ಹಳೇಕ್ಯಾನ್ವಾಸ್:

ನಿಮ್ಮ ಮೊದಲ ಪ್ರಶ್ನೆಗೆ ಅವರೇ ಕೊನೆಗಾಲದಲ್ಲಿ ಉತ್ತರ ಕೊಟ್ಟಿದ್ದಾರೆ. ಕಾಯುತ್ತಿದ್ದರು. ಒಂದು ಚಿತ್ರಕ್ಕೂ ಇನ್ನೊಂದಕ್ಕೂ ನಡುವೆ ಕಾಯುವುದೇ ಚಿತ್ರಕಲೆಯಲ್ಲಿ ಎಲ್ಲಕ್ಕಿಂತ ದೊಡ್ಡ ಕೆಲಸ ಅನ್ನುವುದು ಅವರ ಮಾತಿನ ಸಾರ. ಆದರೆ ಅಲ್ಲಿಗೆ ಬರಲು ಎಷ್ಟು ವರ್ಷ ಹಿಡಿಯಿತು ಅನ್ನುವುದನ್ನು ನೋಡದೆ ಈ ಮಾತನ್ನು ಮಾತ್ರ ಹಿಡಿದುಕೊಂಡರೆ ದಾರಿ ತಪ್ಪುತ್ತದೆ, ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತಿದ್ದೇನೆ.

ವಾಸುದೇವ ಸಂತು ಗಾಯ್ತೊಂಡೆ ಹುಟ್ಟಿದ್ದು 1924ರಲ್ಲಿ, ನಾಗಪುರದಲ್ಲಿ. ಮನೆತನ ಗೋವಾದ್ದು. ಬಾಂಬೆಯ ಜೆ. ಜೆ. ಕಲಾಶಾಲೆಯಿಂದ 1948ರಲ್ಲಿ ಡಿಪ್ಲೊಮಾ. ಆಮೇಲೆ ಪ್ರೋಗ್ರೆಸಿವ್ ಆರ್ಟಿಸ್ಟ್ಸ್ ಗ್ರೂಪ್ ಅನ್ನುವ ಆಧುನಿಕ ಚಿತ್ರಕಾರರ ಬಳಗದ ಜೊತೆ ಓಡಾಟ. ಆಗ ಅವರು ಬರೆಯುತ್ತಿದ್ದದ್ದು ಮನುಷ್ಯರನ್ನೇ. ನಮ್ಮ ಹಳೆಯ ಮಿನಿಯೇಚರ್ (ಪುಟ್ಟ ಅಳತೆಯ) ಚಿತ್ರಗಳ ಗೆರೆ, ಸಪಾಟು ಬಣ್ಣ ಆ ಚಿತ್ರಗಳಲ್ಲಿ ಎದ್ದು ಕಾಣುತ್ತದೆ. ಆಮೇಲೆ ಯುರೋಪಿನ ಚಿತ್ರಕಾರ ಪೌಲ್ ಕ್ಲೀಯ ಕೆಲಸ ಸಿಕ್ಕಿತು. ಕ್ಲೀಯ ಚಿತ್ರಗಳಲ್ಲಿ ಆಕೃತಿ ಇರುತ್ತದೆ, ಆದರೆ ಬಣ್ಣ ಮತ್ತು ಗೆರೆ ಅದರ ಆಳಾಗಿ ದುಡಿಯುವುದಿಲ್ಲ, ತಾವೇ ಆಡಿಕೊಂಡಿರುತ್ತವೆ. ಅದನ್ನು ನೋಡಿದ ಮೇಲೆ ಗಾಯ್ತೊಂಡೆ ಚಿತ್ರಗಳಲ್ಲಿ ಮನುಷ್ಯರು ನಿಧಾನವಾಗಿ ಕರಗುತ್ತಾ ಹೋದರು. ಐವತ್ತರ ದಶಕ ಮುಗಿಯುವ ಹೊತ್ತಿಗೆ ಪೂರ್ತಿ ಹೋಗಿಬಿಟ್ಟರು. ಅಂದರೆ ಹತ್ತು ವರ್ಷ. ನೀವು ಒಂದೇ ವರ್ಷದಲ್ಲಿ ಮುಖ ಬಿಟ್ಟು ದಾಟಲು ನೋಡುತ್ತಿದ್ದೀರಿ. ತಪ್ಪು ಅಂತ ಹೇಳುತ್ತಿಲ್ಲ. ಆದರೆ ‘ನನ್ನದು’ ಅನ್ನುವ ಧೈರ್ಯ ಇಷ್ಟು ಬೇಗ ಬರದಿದ್ದರೆ ಗಾಬರಿ ಪಡಬೇಡಿ.

‘ಅಮೂರ್ತ’ ಅನ್ನುವ ಪದ ಅವರಿಗೆ ಹಿಡಿಸುತ್ತಿರಲಿಲ್ಲ. ನಾನ್-ಆಬ್ಜೆಕ್ಟಿವ್ ಅನ್ನುತ್ತಿದ್ದರು, ಅಂದರೆ ಯಾವ ವಸ್ತುವನ್ನೂ ಕುರಿತದ್ದಲ್ಲ. ಸುಮ್ನೆ ಪದದ ಜಗಳ ಅಂದುಕೊಳ್ಳಬೇಡಿ. ಒಂದು ಮರವನ್ನು ಸರಳ ಮಾಡಿ ಮಾಡಿ ನಾಲ್ಕು ಗೆರೆಗೆ ತಂದರೆ ಅದು ಅಮೂರ್ತ, ಹಿಂದೆ ಮರ ಇದ್ದೇ ಇದೆ. ಅವರ ಚಿತ್ರದ ಹಿಂದೆ ಮರವೂ ಇಲ್ಲ, ಕಡಲೂ ಇಲ್ಲ. ಬಣ್ಣ ಹಾಕಿದ್ದು, ತೆಗೆದದ್ದು, ನೋಡಿದ್ದು, ಮತ್ತೆ ಹಾಕಿದ್ದು ಅಷ್ಟೇ ಇದೆ. ನಿಮಗೆ ಗ್ಯಾಲರಿಯಲ್ಲಿ ಒಂದೊಂದಾಗಿ ತೇಲಿ ಬಂದದ್ದು ಅದೇ.

1964ರಲ್ಲಿ ರಾಕ್‌ಫೆಲರ್ ಫೆಲೊಶಿಪ್ ಸಿಕ್ಕಿ ನ್ಯೂಯಾರ್ಕ್‌ಗೆ ಹೋದರು. ಅಲ್ಲಿ ಅಮೆರಿಕದ ಅಮೂರ್ತ ಚಿತ್ರಕಾರ ಮಾರ್ಕ್ ರಾತ್ಕೊನ ಸ್ಟುಡಿಯೋ ನೋಡಿದರು. ರಾತ್ಕೊನಿಂದ ಕಲಿತು ಬಂದರು ಅಂತ ಎಷ್ಟೋ ಜನ ಬರೆಯುತ್ತಾರೆ, ನಾನು ಒಪ್ಪುವುದಿಲ್ಲ. ವಸ್ತು ಬಿಟ್ಟದ್ದು, ಝೆನ್ ಬೌದ್ಧ ಚಿಂತನೆಯ ಓದಿಗೆ ಬಿದ್ದದ್ದು, ಎಲ್ಲಾ ಅದಕ್ಕೂ ಮೊದಲೇ ಆಗಿತ್ತು. ಬಂದ ಮೇಲೆ ಬದಲಾದದ್ದು ಕ್ಯಾನ್ವಾಸ್ ನಿಲ್ಲಿಸುವ ರೀತಿ. ಅರವತ್ತರ ದಶಕದ ಕೊನೆಯಿಂದ ಅಡ್ಡ ಕ್ಯಾನ್ವಾಸ್ ಬಿಟ್ಟು ಉದ್ದಕ್ಕೆ ನಿಂತ ಕ್ಯಾನ್ವಾಸ್ ಹಿಡಿದರು. ಅಡ್ಡ ಇದ್ದಾಗ ಕಣ್ಣು ತಾನಾಗಿ ದಿಗಂತ ಹುಡುಕುತ್ತದೆ, ಚಿತ್ರ ಭೂದೃಶ್ಯ ಆಗಿಬಿಡುತ್ತದೆ. ಉದ್ದ ನಿಲ್ಲಿಸಿದರೆ ಹಾಗಾಗುವುದಿಲ್ಲ. ನೀವೂ ನಿಮ್ಮ ಒಂದು ಕ್ಯಾನ್ವಾಸ್ ತಿರುಗಿಸಿ ನೋಡಿ, ಗೊತ್ತಾಗುತ್ತದೆ.

ಪದರಪದರ:

ಬದುಕಿನ ಕಥೆ ಮೇಲಿನವರು ಹೇಳಿದ್ದಾರೆ. ನಾನು ಕೈಕೆಲಸದ ಮಾತು ಹೇಳುತ್ತೇನೆ. ಯಾಕಂದರೆ ‘ಪ್ರಕ್ರಿಯೆ’ ಅನ್ನುವುದನ್ನು ಧ್ಯಾನ, ಮೌನ ಅಂತ ಮಾತ್ರ ಹೇಳಿದರೆ ಬಣ್ಣ ಹಚ್ಚುವವರಿಗೆ ಏನೂ ದಕ್ಕುವುದಿಲ್ಲ.

ಅವರು ಕುಂಚಕ್ಕಿಂತ ಜಾಸ್ತಿ ನೆಚ್ಚಿದ್ದು ರೋಲರ್ ಮತ್ತು ಪ್ಯಾಲೆಟ್ ನೈಫ್ (ಬಣ್ಣ ಕಲಸುವ ಚಪ್ಪಟೆ ಚಾಕು). ತೆಳು ಎಣ್ಣೆಬಣ್ಣವನ್ನು ರೋಲರ್‌ನಲ್ಲಿ ಹರಡುವುದು, ಅದರ ಮೇಲೆ ಇನ್ನೊಂದು ಪದರ, ಅಲ್ಲಲ್ಲಿ ನೈಫ್‌ನಿಂದ ಕೆರೆದು ಕೆಳಗಿನ ಬಣ್ಣ ಎತ್ತುವುದು. ಪತ್ರಿಕೆಯ ಕಾಗದ ಹರಿದು ಬಣ್ಣದ ಮೇಲಿಟ್ಟು ಒತ್ತಿ ತೆಗೆಯುತ್ತಿದ್ದರು, ಆಗ ಕಾಗದದ ಅಂಚಿನ ಗುರುತು ಉಳಿಯುತ್ತಿತ್ತು. ನೀವು ಕಂಡ ‘ಅಳಿಸಿದ ಗುರುತು’ ಇಂಥದ್ದೇ ಇರಬೇಕು. ಕುಂಚದಲ್ಲಿ ಬರೆದರೆ ಬರೆದವರ ಕೈ ಕಾಣುತ್ತದೆ. ರೋಲರ್‌ನಲ್ಲಿ ಕೈ ಕಾಣುವುದಿಲ್ಲ, ಬಣ್ಣ ತಾನೇ ಬಂದು ಕೂತ ಹಾಗಿರುತ್ತದೆ.

ಈಗ ಆ ಹೊಳಪಿನ ವಿಷಯ. ತೆಳು ಪದರದಲ್ಲಿ ಬೆಳಕು ಬಣ್ಣದ ಒಳಗೆ ಇಳಿದು, ಕೆಳಗಿನ ಬಿಳಿ ತಳಕ್ಕೆ ಬಡಿದು, ಅಷ್ಟೂ ಪದರ ದಾಟಿ ವಾಪಸ್ ಬರುತ್ತದೆ. ಅದಕ್ಕೇ ಒಳಗಿಂದ ದೀಪ ಹಚ್ಚಿದ ಹಾಗೆ ಕಾಣುವುದು. ಮೇಲೆ ಒಂದು ದಪ್ಪ ಟೈಟಾನಿಯಂ ವೈಟ್ ಎಳೆದಿರೋ, ಬೆಳಕು ಅಲ್ಲೇ ನಿಂತು ವಾಪಸ್ ಹೋಗುತ್ತದೆ, ಕೆಳಗಿನ ಕೆಲಸವೆಲ್ಲಾ ಹೂತುಹೋಯಿತು. ಟ್ಯೂಬ್ ಮೇಲೆ ಚಿಕ್ಕ ಚೌಕ ಇರುತ್ತದೆ ನೋಡಿ. ಖಾಲಿ ಚೌಕ ಇದ್ದರೆ ಪಾರದರ್ಶಕ, ತುಂಬಿದ್ದರೆ ಅಪಾರದರ್ಶಕ, ಅರ್ಧ ತುಂಬಿದ್ದರೆ ನಡುವಿನದು. ಅಲಿಜರಿನ್ ಕ್ರಿಮ್ಸನ್, ಥ್ಯಾಲೊ ಬ್ಲೂ ಪಾರದರ್ಶಕ. ಕ್ಯಾಡ್ಮಿಯಂ ಹಳದಿ ಅಪಾರದರ್ಶಕ. ಮುಖ ಬರೆಯುವವರು ಈ ಚೌಕ ಅಷ್ಟಾಗಿ ನೋಡುವುದಿಲ್ಲ, ಪದರದ ಕೆಲಸಕ್ಕೆ ಮಾತ್ರ ಅದು ಬೇಕೇ ಬೇಕು.

ಕಾಯುವುದು ಅಂದರಲ್ಲ, ಅದು ಮನಸ್ಸಿನದು ಮಾತ್ರ ಅಲ್ಲ. ಎಣ್ಣೆಬಣ್ಣ ಒಣಗುವುದು ಬಟ್ಟೆಯ ನೀರು ಆರಿದ ಹಾಗಲ್ಲ, ಎಣ್ಣೆ ಗಾಳಿಯ ಆಮ್ಲಜನಕ ಹೀರಿಕೊಂಡು ಗಟ್ಟಿಯಾಗುತ್ತದೆ. ಅದರ ಹೊತ್ತು ಅದಕ್ಕೆ. ಕೆಳಗಿನ ಪದರಗಳಲ್ಲಿ ಬಣ್ಣ ತೆಳು ಮಾಡುವ ಟರ್ಪೆಂಟೈನ್ ಜಾಸ್ತಿ, ಎಣ್ಣೆ ಕಮ್ಮಿ ಇರಬೇಕು. ಮೇಲೆ ಹೋಗುತ್ತಾ ಎಣ್ಣೆ ಜಾಸ್ತಿ ಮಾಡಬೇಕು. ತಿರುಗುಮುರುಗು ಮಾಡಿದರೆ ಮೇಲಿನದು ಮೊದಲು ಒಣಗಿ ಕೆಳಗಿನದು ಇನ್ನೂ ಅಲುಗಾಡುತ್ತಾ ಚಿತ್ರ ಬಿರುಕು ಬಿಡುತ್ತದೆ. ರಾ ಅಂಬರ್ ಅನ್ನುವ ಕಂದು ಬಣ್ಣ ಬೇಗ ಒಣಗುತ್ತದೆ, ಐವರಿ ಬ್ಲ್ಯಾಕ್ ತುಂಬಾ ನಿಧಾನ. ಕಪ್ಪನ್ನು ತಳಕ್ಕೆ ಬಳಿದು ಮಾರನೇ ದಿನವೇ ಅದರ ಮೇಲೆ ಹೋದರೆ ಕೆಡುತ್ತದೆ. ನಾನು ಇದನ್ನು ಮೂರು ದೊಡ್ಡ ಕ್ಯಾನ್ವಾಸ್ ಹಾಳು ಮಾಡಿಕೊಂಡು ಕಲಿತೆ.

ಕೋಣೆಯ ಕಿಟಕಿ ತೆಗೆದಿಟ್ಟು ಕೆಲಸ ಮಾಡಿ, ಟರ್ಪೆಂಟೈನ್ ಆವಿ ತಲೆಗೆ ಏರುತ್ತದೆ. ಲಿನ್ಸೀಡ್ (ಅಗಸೆ) ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ತಾನೇ ಬಿಸಿಯಾಗಿ ಹೊತ್ತಿಕೊಳ್ಳುತ್ತದೆ. ಹರಡಿ ಒಣಗಿಸಿ, ಇಲ್ಲವೇ ನೀರು ತುಂಬಿದ ಮುಚ್ಚಳದ ಡಬ್ಬಿಗೆ ಹಾಕಿ.

ಸಂಜೆಬೆಳಕು:

ಒಂದು ಮಾತು ಕೇಳಬೇಕು ಅನ್ನಿಸಿತು, ಬೇಸರ ಮಾಡಿಕೊಳ್ಳಬೇಡಿ. ಈ ಕಾಯುವ ಮಾತು ಕೇಳಿದಾಗಲೆಲ್ಲಾ ನನಗೆ ಸಂಕಟ ಆಗುತ್ತದೆ. ಗಾಯ್ತೊಂಡೆ ಮದುವೆ ಆಗಲಿಲ್ಲ. 1972ರಲ್ಲಿ ದೆಹಲಿಗೆ ಹೋಗಿ ನಿಜಾಮುದ್ದೀನ್ ಈಸ್ಟ್‌ನ ಚಿಕ್ಕ ಬರ್ಸಾತಿಯಲ್ಲಿ, ಅಂದರೆ ತಾರಸಿ ಮೇಲಿನ ಕೋಣೆಯಲ್ಲಿ, ಒಬ್ಬರೇ ಇದ್ದರು. ಜನರ ಜೊತೆ ಸೇರುವುದೂ ಕಡಿಮೆ. ನಾನು ಬೆಳಿಗ್ಗೆ ಕೆಲಸಕ್ಕೆ ಹೋಗಿ ಸಂಜೆ ಏಳಕ್ಕೆ ಬಂದು, ಮಕ್ಕಳು ಮಲಗಿದ ಮೇಲೆ ಒಂದು ಗಂಟೆ ಬಣ್ಣ ಮುಟ್ಟುವವಳು. ನಾನೂ ಕಾಯುತ್ತಾ ಕೂತರೆ ಆ ಒಂದು ಗಂಟೆಯೂ ಹೋಯಿತು. ಎಲ್ಲವನ್ನೂ ಬಿಟ್ಟವರ ದಾರಿಯನ್ನು ಎಲ್ಲರಿಗೂ ಹೇಳುವುದು ಸರಿಯಾ?

ಇನ್ನೊಂದು. 2013ರಲ್ಲಿ ಕ್ರಿಸ್ಟೀಸ್‌ನವರು ಮುಂಬೈಯಲ್ಲಿ ಮಾಡಿದ ಹರಾಜಿನಲ್ಲಿ ಅವರ 1979ರ ಒಂದು ಚಿತ್ರ 23.7 ಕೋಟಿ ರೂಪಾಯಿಗೆ ಹೋಯಿತು. ಅವರು ತೀರಿಕೊಂಡದ್ದು 2001ರಲ್ಲಿ. ಬದುಕಿದ್ದಾಗ ಆ ಚಿಕ್ಕ ಕೋಣೆ, ಹೋದ ಮೇಲೆ ಕೋಟಿ. ಇದನ್ನು ನೆನೆದರೆ ಪ್ರಕ್ರಿಯೆ ಮುಖ್ಯ ಅನ್ನುವ ಮಾತು ಗಂಟಲಲ್ಲಿ ಇಳಿಯುವುದಿಲ್ಲ.

ಗೆರೆಗಾರ್ತಿ:

ಸಂಜೆಬೆಳಕು ಅವರೇ, ನಿಮ್ಮ ಮಾತು ನನಗೆ ತುಂಬಾ ಹತ್ತಿರದ್ದು. ನಾನೂ ಕದ್ದ ಹೊತ್ತಿನಲ್ಲೇ ಬರೆಯುವವಳು. ಆದರೆ ಕಾಯುವುದನ್ನು ನೀವು ಖಾಲಿ ಕೂರುವುದು ಅಂತ ತಿಳಿದಿದ್ದೀರಿ ಅನ್ನಿಸುತ್ತದೆ. ನಿನ್ನೆಯ ಚಿತ್ರವನ್ನು ಕಣ್ಣಿಗೆ ಬೀಳುವ ಕಡೆ ನಿಲ್ಲಿಸಿ, ಪಾತ್ರೆ ತೊಳೆಯುತ್ತಾ, ಬಾಗಿಲು ಹಾಕುತ್ತಾ ಅದರ ಮೇಲೆ ಕಣ್ಣು ಹೋಗಿ ಬರುತ್ತಿರುತ್ತದಲ್ಲ, ಅದೂ ಕಾಯುವುದೇ. ನಿಮ್ಮ ಒಂದು ಗಂಟೆ ಬಣ್ಣಕ್ಕೇ ಇರಲಿ. ನೋಡುವುದಕ್ಕೆ ಉಳಿದ ಇಪ್ಪತ್ಮೂರು ಗಂಟೆ ಇದೆ. ಬೆಲೆಯ ಬಗ್ಗೆ ನೀವು ಹೇಳಿದ್ದು ನಿಜ, ಅದಕ್ಕೆ ಸಮಾಧಾನದ ಮಾತು ನನ್ನ ಹತ್ತಿರ ಇಲ್ಲ.

ಇಲ್ಲಿ ಕಲಾವಿದೆ ನಸ್ರೀನ್ ಮೊಹಮದಿ ಹೆಸರು ಬರಲೇಬೇಕು. ಬಾಂಬೆಯ ಭೂಲಾಭಾಯಿ ದೇಸಾಯಿ ಸಂಸ್ಥೆಯಲ್ಲಿ ಗಾಯ್ತೊಂಡೆಗೂ ಅವರಿಗೂ ಸ್ಟುಡಿಯೋ ಇತ್ತು, ಗಾಯ್ತೊಂಡೆಯಿಂದ ನಸ್ರೀನ್ ತುಂಬಾ ಕಲಿತರು. ನಸ್ರೀನ್ ಹುಟ್ಟಿದ್ದು 1937ರಲ್ಲಿ ಕರಾಚಿಯಲ್ಲಿ. 1972ರಿಂದ ಬರೋಡಾದ ಕಲಾ ವಿಭಾಗದಲ್ಲಿ ಪಾಠ ಹೇಳುತ್ತಿದ್ದರು, ಅಂದರೆ ಕೆಲಸಕ್ಕೆ ಹೋಗಿ ಬಂದು ಚಿತ್ರ ಮಾಡಿದವರು. ಬಣ್ಣವನ್ನೇ ಬಿಟ್ಟರು. ಕಾಗದ, ಪೆನ್ಸಿಲ್, ಇಂಕು, ನಕ್ಷೆ ಬರೆಯುವವರ ಉಪಕರಣಗಳು. ಗೆರೆಯ ಪಕ್ಕ ಗೆರೆ, ಒಂದು ಕಡೆ ಒತ್ತಾಗಿ, ಒಂದು ಕಡೆ ಬಿಡಿಯಾಗಿ. ಹೆಚ್ಚಿನವಕ್ಕೆ ಹೆಸರಿಲ್ಲ, ತಾರೀಖೂ ಇಲ್ಲ. ನರಗಳ ಕಾಯಿಲೆ ಬಂದು ಮೈ ಮೇಲಿನ ಹಿಡಿತ ತಪ್ಪುತ್ತಾ ಹೋದ ವರ್ಷಗಳಲ್ಲೂ ಆ ಗೆರೆಗಳು ಒಂದು ಕೂದಲಷ್ಟೂ ನಡುಗಿಲ್ಲ. 1990ರಲ್ಲಿ ತೀರಿಕೊಂಡರು. ಆ ಗೆರೆಗಳನ್ನು ನೋಡಿದ ದಿನ ನಾನು ಮನೆಗೆ ಬಂದು ಮಾತಾಡದೆ ಕೂತಿದ್ದೆ.

ಅಂದ ಮೇಲೆ ಪ್ರಕ್ರಿಯೆ ಅಂದರೆ ಕೈ ಹೋದ ಕಡೆ ಬಿಡುವುದು ಅಲ್ಲವೇ ಅಲ್ಲ, ನೀಲಿಕುಂಚ ಅವರೇ. ನಸ್ರೀನ್ ಅವರದ್ದು ಎಷ್ಟು ಬಿಗಿ ನೋಡಿ. ಏನು ಬಿಡುತ್ತೇನೆ ಅನ್ನುವುದು ಮೊದಲು ಗಟ್ಟಿಯಾಯಿತು, ಉಳಿದದ್ದರಲ್ಲಿ ಅವರು ಎಷ್ಟು ಬೇಕಾದರೂ ಆಳಕ್ಕೆ ಹೋಗಬಹುದಿತ್ತು. ನಿಮ್ಮ ಕ್ಯಾನ್ವಾಸ್‌ಗಳು ಅಕಸ್ಮಾತ್ ಬಂದ ಹಾಗೆ ಕಾಣುವುದು ಬಹುಶಃ ನೀವು ಇನ್ನೂ ಏನನ್ನೂ ಬಿಟ್ಟಿಲ್ಲದ್ದಕ್ಕೆ. ಎಲ್ಲಾ ಬಣ್ಣ, ಎಲ್ಲಾ ಉಪಕರಣ, ಎಲ್ಲಾ ದಿಕ್ಕು. ಎರಡು ಬಣ್ಣ ಇಟ್ಟುಕೊಂಡು ಮೂರು ತಿಂಗಳು ಮಾಡಿ ನೋಡಿ.

ನಮ್ಮವರೇ ಆದ ಚಿತ್ರಕಾರ ಕೆ. ಕೆ. ಹೆಬ್ಬಾರರನ್ನೂ ನೆನೆಯುತ್ತೇನೆ. ಅವರು ಅಮೂರ್ತದವರು ಅಂತ ಅಲ್ಲ. ಗೆರೆಯಲ್ಲಿ ಲಯ ಹಿಡಿಯಬೇಕು ಅಂತ ಗುರುಗಳ ಹತ್ತಿರ ಹೋಗಿ ಕಥಕ್ ಕಲಿತರು. ನರ್ತಕರಾಗಲು ಅಲ್ಲ, ತಾಳ ಕಾಲಿನಿಂದ ಮೈಗೆ ಹತ್ತಿ ಅಲ್ಲಿಂದ ಕೈಗೆ ಇಳಿಯಲಿ ಅಂತ. ಪ್ರಕ್ರಿಯೆ ಕ್ಯಾನ್ವಾಸ್ ಮೇಲೆ ಶುರುವಾಗುವುದಿಲ್ಲ ಅನ್ನುವುದಕ್ಕೆ ನನಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಕ್ಕಿಲ್ಲ.

ನೀಲಿಕುಂಚ:

ಎಲ್ಲರಿಗೂ ಮನಸ್ಸಿನಿಂದ ಧನ್ಯವಾದ. ಎರಡು ವಾರ ಉತ್ತರ ಬರೆಯಲಿಲ್ಲ, ನೀವು ಹೇಳಿದ್ದನ್ನು ಮಾಡಿ ನೋಡುತ್ತಿದ್ದೆ.

ಮೊದಲು ಹಳೆಯ ಕ್ಯಾನ್ವಾಸ್‌ಗಳನ್ನೆಲ್ಲಾ ಉದ್ದಕ್ಕೆ ತಿರುಗಿಸಿದೆ. ಅರ್ಧಕ್ಕರ್ಧ ಚಿತ್ರಗಳು ನಿಲ್ಲಲೇ ಇಲ್ಲ. ನಡುವೆ ಎಳೆದಿದ್ದ ಅಡ್ಡ ಪಟ್ಟಿಯನ್ನು ನಾನು ಗೊತ್ತಿಲ್ಲದೇ ದಿಗಂತ ಮಾಡಿಕೊಂಡಿದ್ದೆ. ಅಂದರೆ ಮುಖ ಬಿಟ್ಟರೂ ಭೂದೃಶ್ಯ ಬಿಟ್ಟಿರಲಿಲ್ಲ. ಆಮೇಲೆ ರಾ ಅಂಬರ್ ಮತ್ತು ಅಲ್ಟ್ರಾಮರೀನ್ ನೀಲಿ ಎರಡೇ ಇಟ್ಟುಕೊಂಡು ರೋಲರ್ ಹಿಡಿದೆ. ಮೊದಲ ಎರಡು ದಿನ ಕೈ ಕಟ್ಟಿಹಾಕಿದ ಹಾಗಿತ್ತು. ಮೂರನೇ ಪದರಕ್ಕೆ ಬಂದಾಗ ಇವೆರಡರಲ್ಲೇ ಇಷ್ಟು ಬೂದು ಬಣ್ಣಗಳು ಇವೆಯಾ ಅಂತ ಕಣ್ಣು ಅರಳಿತು.

ಒಂದು ಸಂಶಯ. ಗೆಸ್ಸೊ (ಬಣ್ಣಕ್ಕೆ ಮೊದಲು ಬಳಿಯುವ ಬಿಳಿ ತಳ) ಬಳಿಯದ ಬರೀ ಹತ್ತಿ ಕ್ಯಾನ್ವಾಸ್ ಮೇಲೆ ಟರ್ಪೆಂಟೈನ್‌ನಲ್ಲಿ ತೆಳು ಮಾಡಿದ ಎಣ್ಣೆಬಣ್ಣ ಸುರಿದೆ. ಬಟ್ಟೆ ಬಣ್ಣವನ್ನು ಕುಡಿದುಬಿಟ್ಟಿತು, ಅಂಚು ನೀರಿನ ಕಲೆ ಥರ ಹರಡಿ ತುಂಬಾ ಚೆನ್ನಾಗಿ ಬಂತು. ಇದನ್ನು ಮುಂದುವರಿಸಬಹುದಾ?

ಪದರಪದರ:

ನೋಡಲು ಚೆನ್ನಾಗಿರುತ್ತದೆ, ಬಾಳಿಕೆ ಬರುವುದಿಲ್ಲ. ಎಣ್ಣೆ ನೇರವಾಗಿ ಹತ್ತಿ ನೂಲಿಗೆ ಇಳಿದರೆ ಕಾಲ ಹೋದಂತೆ ನೂಲು ಪೆಡಸಾಗಿ ಹರಿಯುತ್ತದೆ. ಬಣ್ಣದ ಸುತ್ತ ಎಣ್ಣೆಯ ಹಳದಿ ವರ್ತುಲವೂ ಮೂಡುತ್ತದೆ.

ಈ ದಾರಿ ತೆರೆದವರು ಅಮೆರಿಕದ ಹೆಲೆನ್ ಫ್ರಾಂಕೆಂಥಾಲರ್. 1952ರಲ್ಲಿ, 23ನೇ ವಯಸ್ಸಿಗೆ, ಸುಮಾರು ಏಳು ಅಡಿಗೆ ಹತ್ತು ಅಡಿಯ ಕ್ಯಾನ್ವಾಸನ್ನು ನೆಲದ ಮೇಲೆ ಹಾಸಿ, ನೀವು ಮಾಡಿದ ಹಾಗೆಯೇ ತೆಳು ಎಣ್ಣೆಬಣ್ಣ ಸುರಿದರು. ‘ಮೌಂಟೇನ್ಸ್ ಅಂಡ್ ಸೀ’ ಅಂತ ಆ ಚಿತ್ರದ ಹೆಸರು. ಅರವತ್ತರ ದಶಕದಲ್ಲಿ ಅವರೇ ಅಕ್ರಿಲಿಕ್‌ಗೆ, ಅಂದರೆ ನೀರಿನಲ್ಲಿ ಕಲಸುವ ಬಣ್ಣಕ್ಕೆ, ಬದಲಾದರು. ನೀವೂ ಬಟ್ಟೆಗೆ ಇಂಗಿಸುವ ಕೆಲಸಕ್ಕೆ ಅಕ್ರಿಲಿಕ್ ಹಿಡಿಯಿರಿ, ಅದು ಹತ್ತಿಗೆ ಹಾನಿ ಮಾಡುವುದಿಲ್ಲ. ಪದರದ ಕೆಲಸಕ್ಕೆ ಗೆಸ್ಸೊ ಬಳಿದ ಕ್ಯಾನ್ವಾಸ್ ಮೇಲೆ ಎಣ್ಣೆಬಣ್ಣ ಇರಲಿ. ಎರಡನ್ನೂ ಒಂದೇ ಚಿತ್ರದಲ್ಲಿ ಮಾಡಬೇಕು ಅಂದರೆ ಅಕ್ರಿಲಿಕ್ ಮೇಲೆ ಎಣ್ಣೆ ಹೋಗಬಹುದು, ಎಣ್ಣೆಯ ಮೇಲೆ ಅಕ್ರಿಲಿಕ್ ಹಿಡಿಯುವುದಿಲ್ಲ.

ಹಳೇಕ್ಯಾನ್ವಾಸ್:

‘ಮುಗಿಯಿತು ಅಂತ ಹೇಗೆ ಗೊತ್ತಾಗುತ್ತದೆ’ ಅನ್ನುವ ಪ್ರಶ್ನೆ ಹಾಗೇ ಉಳಿದಿದೆ. ಇದಕ್ಕೆ ನಿಯಮ ಕೊಡಲು ಬರುವುದಿಲ್ಲ, ನನ್ನ ರೂಢಿ ಹೇಳುತ್ತೇನೆ. ಮುಗಿಯಿತು ಅನ್ನಿಸಿದ ದಿನ ಚಿತ್ರವನ್ನು ಗೋಡೆಗೆ ಮುಖ ಮಾಡಿ ನಿಲ್ಲಿಸುತ್ತೇನೆ. ಹದಿನೈದು ದಿನ ಬಿಟ್ಟು ಬೆಳಗಿನ ಬೆಳಕಿನಲ್ಲಿ ತಿರುಗಿಸುತ್ತೇನೆ. ಕಣ್ಣು ಒಂದೇ ಜಾಗಕ್ಕೆ ಹೋಗಿ ಅಂಟಿಕೊಂಡರೆ ಅಲ್ಲಿ ಏನೋ ಕಡಿಮೆ ಇದೆ, ಇಲ್ಲವೇ ಜಾಸ್ತಿ ಇದೆ. ಬಹಳ ಸಲ ಜಾಸ್ತಿಯೇ ಇರುತ್ತದೆ. ಆ ತುಣುಕು ನನಗೆ ತುಂಬಾ ಇಷ್ಟವಾದದ್ದೇ ಆಗಿರುತ್ತದೆ, ಕೆರೆಯಲು ಕೈ ಬರುವುದಿಲ್ಲ. ಆದರೂ ಕೆರೆಯುತ್ತೇನೆ. ಕಣ್ಣು ಎಲ್ಲೂ ನಿಲ್ಲದೆ ಚಿತ್ರದ ಪೂರ್ತಿ ಓಡಾಡಿಕೊಂಡು ಬಂದರೆ ಸಹಿ ಹಾಕುತ್ತೇನೆ.

ಸಂಜೆಬೆಳಕು ಅವರ ಮಾತಿಗೂ ಒಂದು ವಿಷಯ ಸೇರಿಸಬೇಕು. 1984ರಲ್ಲಿ ಗಾಯ್ತೊಂಡೆಗೆ ಅಪಘಾತವಾಯಿತು. ದೊಡ್ಡ ಕ್ಯಾನ್ವಾಸ್ ಮುಂದೆ ನಿಂತು ರೋಲರ್ ಎಳೆಯಲು ಮೈ ಕೇಳುತ್ತಿರಲಿಲ್ಲ. ಆ ವರ್ಷಗಳಲ್ಲಿ ಅವರು ಚಿಕ್ಕ ಕಾಗದದ ಮೇಲೆ ಇಂಕಿನಲ್ಲಿ ಬರೆದರು. ಲಿಪಿಯ ಹಾಗೆ ಕಾಣುವ ಗುರುತುಗಳು, ಆದರೆ ಯಾವ ಅಕ್ಷರವೂ ಅಲ್ಲ. ಆಮೇಲೆ ಮತ್ತೆ ದೊಡ್ಡ ಕ್ಯಾನ್ವಾಸ್‌ಗೆ ಬಂದರು. ನ್ಯೂಯಾರ್ಕ್‌ನ ಗುಗೆನ್‌ಹೈಮ್ ಮ್ಯೂಸಿಯಂ 2014ರಲ್ಲಿ ಅವರ ಒಟ್ಟು ಕೆಲಸದ ಪ್ರದರ್ಶನ ಮಾಡಿತು, ಅದರ ಹೆಸರಿನಲ್ಲೇ ‘ಚಿತ್ರವೆಂಬ ಪ್ರಕ್ರಿಯೆ, ಚಿತ್ರವೆಂಬ ಬದುಕು’ ಅನ್ನುವ ಅರ್ಥದ ಮಾತಿತ್ತು. ನನಗೆ ಆ ದೊಡ್ಡ ಕ್ಯಾನ್ವಾಸ್‌ಗಳಿಗಿಂತ ಈ ಇಂಕಿನ ಚಿಕ್ಕ ಹಾಳೆಗಳೇ ಹೆಚ್ಚು ಪ್ರೀತಿ. ಒಂದು ಗಂಟೆ, ಒಂದು ಹಾಳೆ, ಕೈಗೆ ಎಷ್ಟು ಆಗುತ್ತದೋ ಅಷ್ಟು.

ಸಂಜೆಬೆಳಕು:

ಈ ಇಂಕಿನ ಹಾಳೆಗಳ ವಿಷಯ ನನಗೆ ಗೊತ್ತೇ ಇರಲಿಲ್ಲ. ಚಿತ್ರಗಳನ್ನು ಹುಡುಕಿ ನೋಡಿದೆ, ಇವತ್ತು ರಾತ್ರಿ ಇಂಕು ತೆಗೆಯುತ್ತೇನೆ.

ನೀಲಿಕುಂಚ:

ಅಂಬರ್-ನೀಲಿಯ ಕ್ಯಾನ್ವಾಸ್ ಗೋಡೆಗೆ ತಿರುಗಿಸಿ ಇಟ್ಟಿದ್ದೇನೆ. ಇವತ್ತಿಗೆ ನಾಲ್ಕು ದಿನ. ಹಿಂದಿನ ಬರೀ ಬಟ್ಟೆ ಕಾಣುತ್ತದೆ, ಕೈ ಎರಡು ಸಲ ಅದರ ಕಡೆ ಹೋಯಿತು, ಹಿಂದಕ್ಕೆ ತೆಗೆದುಕೊಂಡೆ. ಹದಿನೈದು ದಿನ ಆದ ಮೇಲೆ ಇಲ್ಲೇ ಬಂದು ಬರೆಯುತ್ತೇನೆ.